ಟರ್ಕಿ ಸ್ಟ್ರೀಟಿನಾಚೆ ಒಂದು ನೇಗಿಲು

ಲಂಡನ್ನಿಗೆ ಹೊರಡುವ ಹಿಂದಿನ ರಾತ್ರಿ ತಿಪಟೂರಿನಿಂದ ತಮ್ಮನ ಫೋನು. ಬೇರೆಯವರ ತಮ್ಮಂದಿರು ಚಾಕೊಲೇಟು ತಾ, ಸೆಂಟು ತಾ ಅನ್ನುತ್ತಾರೆ. ನನ್ನ ತಮ್ಮ ಅಂದದ್ದು, "ಅಣ್ಣ, ಅಲ್ಲಿ ಚಿಕ್ಕ ಟ್ರಾಕ್ಟರಿಗೆ ರೋಟವೇಟರ್ ಹೆಂಗೆ ಕಟ್ತಾರೆ ನೋಡ್ಕಂಡು ಬಾ." ತೆಂಗಿನ ಸಾಲಿನ ನಡುವೆ ಓಡಾಡಲಿ ಎಂದು ಅವನೊಂದು ಮಿನಿ ಟ್ರಾಕ್ಟರು ಕೊಂಡು ಆರು ತಿಂಗಳಾಗಿತ್ತು. ರೋಟವೇಟರನ್ನು ಎತ್ತಿದರೆ ಕಟಕಟ, ಇಳಿಸಿದರೆ ಎಡಕ್ಕೂ ಬಲಕ್ಕೂ ಓಲಾಟ, ತಿರುವಿನಲ್ಲಿ ಟೈರಿಗೆ ಒರಸಾಟ. ರಿಪೇರಿಯವನು ಬಂದು ನೋಡಿ, "ಹೊಸ ಗಾಡಿ ಸಾರ್, ಪಳಗಬೇಕು" ಎಂದು ಹೋರಿಗೆ ಹೇಳುವ ಮಾತನ್ನು ಕಬ್ಬಿಣಕ್ಕೆ ಹೇಳಿ, ಕಾಫಿ ಕುಡಿದು ಹೋಗಿದ್ದನಂತೆ.

"ಅದು ಲಂಡನ್ನು ಕಣೋ, ಅಲ್ಲೆಲ್ಲಿ ಟ್ರಾಕ್ಟರು?" ಎಂದೆ.

"ಅವರೂ ಹೊಟ್ಟೆಗೆ ಏನಾದ್ರೂ ತಿಂತಾರಲ್ಲ?" ಎಂದು ಫೋನಿಟ್ಟ.

ಮಗಳ ಮನೆ ಇರುವುದು ಹ್ಯಾರೋದಲ್ಲಿ. ಬಂದ ಮರುದಿನವೇ ಅವಳು ತನ್ನ 'ಹೊಲ' ತೋರಿಸಲು ಕರೆದುಕೊಂಡು ಹೋದಳು. ಊರಿನ ನಡುವೆ ಬೇಲಿ ಹಾಕಿದ ಜಾಗ, ಅದರೊಳಗೆ ಕೌದಿಯ ತೇಪೆಗಳಂತೆ ಹತ್ತಾರು ತುಂಡು ಭೂಮಿ. ಅಲಾಟ್‌ಮೆಂಟ್ ಎನ್ನುತ್ತಾರೆ. ಅರ್ಜಿ ಹಾಕಿ, ವರ್ಷಗಟ್ಟಲೆ ಸರದಿ ಕಾದು, ಬಾಡಿಗೆ ಕೊಟ್ಟು ಉಳುವ ಭಾಗ್ಯ. ಇದರ ಅಳತೆ ಮೀಟರಿನಲ್ಲೂ ಇಲ್ಲ, ಅಡಿಯಲ್ಲೂ ಇಲ್ಲ, 'ರಾಡ್' ಎಂಬ ಮುತ್ತಜ್ಜನ ಕಾಲದ ಕೋಲಿನಲ್ಲಿದೆ. ಪೂರ್ತಿ ಪ್ಲಾಟು ಎಂದರೆ 10 ರಾಡ್. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ: ಎಕರೆಯ ಹದಿನಾರನೇ ಒಂದು ಪಾಲು, ಅಂದರೆ ನಮ್ಮ ಎರಡೂವರೆ ಗುಂಟೆ. ಮಗಳಿಗೆ ಸಿಕ್ಕಿರುವುದು ಅರ್ಧ ಪ್ಲಾಟು. ಒಂದೂಕಾಲು ಗುಂಟೆಯಲ್ಲಿ ಆಲೂಗಡ್ಡೆ, ಮೆಂತ್ಯ, ಒಂದು ಸೇಬಿನ ಗಿಡ, ಒಂದು ಗುಡಿಸಲು, ಗುಡಿಸಲಿನಲ್ಲಿ ಎರಡು ಕುರ್ಚಿ! ಇಲ್ಲಿಗೆ ಟ್ರಾಕ್ಟರು ತಂದರೆ ತಿರುಗಿಸಿಕೊಳ್ಳಲು ಆರು ಜನರ ಬೆಳೆ ತುಳಿಯಬೇಕು.

"ಟ್ರಾಕ್ಟರು ನೋಡ್ಬೇಕು ಅಂದ್ರೆ ಎನ್‌ಫೀಲ್ಡಿಗೆ ಹೋಗೋಣ ಅಪ್ಪ," ಎಂದಳು ಮಗಳು. ಅವಳ ಸಹೋದ್ಯೋಗಿಯ ತಂದೆಗೆ ಅಲ್ಲಿ ಎಂಟು ಎಕರೆಯ ಹಿಡುವಳಿಯಂತೆ. ಲಂಡನ್ನಿನೊಳಗೆ ಎಂಟು ಎಕರೆಯೇ ಎಂದು ನಾನು ಬಾಯಿ ಬಿಟ್ಟೆ. ಆದರೆ ಮಹಾಲಂಡನ್ನಿನ ನೆಲದಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಪಾಲು ಹಸಿರು ಪಟ್ಟಿ; ಕಟ್ಟಡ ಕಟ್ಟುವಂತಿಲ್ಲ ಎಂದು ಕಾನೂನಿನಿಂದ ಕಟ್ಟಿಹಾಕಿದ ನೆಲ. ನಮ್ಮ ಬೆಂಗಳೂರಿನ ಸುತ್ತಲೂ ನಕಾಶೆಯಲ್ಲಿ ಹಸಿರು ಬಣ್ಣ ಬಳಿದಿದ್ದಾರೆ. ಇಲ್ಲಿ ಆ ಹಸಿರಿನ ಮೇಲೆ ಕುರಿ ಮೇಯುತ್ತಿದೆ, ವ್ಯತ್ಯಾಸ ಅಷ್ಟೇ.

ಸೆಪ್ಟೆಂಬರ್ ಕೊನೆಯ ಶನಿವಾರ ಹೊರಟೆವು. ನೇರ ಹೋಗದೆ ಬಾಂಡ್ ಸ್ಟ್ರೀಟಿನಲ್ಲಿ ಇಳಿಯೋಣವೆಂದು ನಾನೇ ಹಠ ಮಾಡಿದೆ. ಮೇಫೇರಿನ ಬ್ರೂಕ್ ಸ್ಟ್ರೀಟಿನಲ್ಲಿ ಕ್ಲಾರಿಜಸ್ ಎಂಬ ಹೋಟೆಲಿದೆ. ರಾಜರು, ರಾಣಿಯರು, ಸಿನಿಮಾ ತಾರೆಯರು ತಂಗುವ ಜಾಗ. ಎತ್ತರದ ಟೋಪಿಯ ದ್ವಾರಪಾಲಕ, ಹಿತ್ತಾಳೆಯ ಹೊಳಪು, ಒಳಗಿಂದ ಬರುವ ಹೂವಿನ ಘಮ. ನಾನು ನೋಡಲು ಬಂದದ್ದು ಅದರ ಮೆಟ್ಟಿಲುಗಳನ್ನು. 1940ರ ದಶಕದ ಕೊನೆಯಲ್ಲಿ ಹ್ಯಾರಿ ಫರ್ಗ್ಯೂಸನ್ ಎಂಬಾತ ಈ ಹೋಟೆಲಿನ ನೃತ್ಯಶಾಲೆಯೊಳಕ್ಕೆ ತನ್ನ ಪುಟ್ಟ ಬೂದು ಟ್ರಾಕ್ಟರನ್ನು ತಂದು, ಸೂಟುಬೂಟಿನ ಅತಿಥಿಗಳ ನಡುವೆ ಓಡಿಸಿ ತೋರಿಸಿ, ಕೊನೆಗೆ ಮೆಟ್ಟಿಲಿಳಿಸಿಕೊಂಡು ರಸ್ತೆಗೆ ಬಂದಿದ್ದ. ನಮ್ಮ ಊರಿನವರು ಮೈಸೂರು ಅರಮನೆಯ ದರ್ಬಾರ್ ಹಾಲಿನಲ್ಲಿ ಕುಂಟೆ ಹೊಡೆದಂತೆ! ನಾನು ಮೆಟ್ಟಿಲ ಮುಂದೆ ನಿಂತು, ಚಕ್ರದ ಅಗಲ ಎಷ್ಟಿರಬಹುದೆಂದು ಕೈ ಅಗಲಿಸಿ ಅಳೆಯುತ್ತಿದ್ದೇನೆ. ದ್ವಾರಪಾಲಕ ಬಹಳ ಸೌಜನ್ಯದಿಂದ, "ಸಹಾಯ ಬೇಕೆ ಸರ್?" ಎಂದು ಕೇಳುತ್ತಾನೆ. ಮಗಳು ನನ್ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಾಳೆ.

ಈ ಫರ್ಗ್ಯೂಸನ್ನಿನ ಕತೆಯನ್ನು ಲಿವರ್‌ಪೂಲ್ ಸ್ಟ್ರೀಟಿನವರೆಗೂ ಮಗಳಿಗೆ ಕೊರೆದೆ. 1884ರಲ್ಲಿ ಐರ್ಲೆಂಡಿನ ಡೌನ್ ಕೌಂಟಿಯಲ್ಲಿ ರೈತನ ಮಗನಾಗಿ ಹುಟ್ಟಿದವನು, ಬೇಸಾಯ ಬೇಡವೆಂದು ಗ್ಯಾರೇಜಿಗೆ ಓಡಿಹೋದವನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ ಐರ್ಲೆಂಡಿನ ಮೊದಲ ವೈಮಾನಿಕನಾದ. 1917ರಲ್ಲಿ, ಯುದ್ಧದ ನಡುವೆ, ಐರ್ಲೆಂಡಿನ ಟ್ರಾಕ್ಟರುಗಳನ್ನು ನೋಡಿಕೊಳ್ಳುವ ಸರ್ಕಾರಿ ಕೆಲಸ ಹೆಗಲಿಗೆ ಬಿತ್ತು. ಆಗ ನೇಗಿಲನ್ನು ಸರಪಳಿಯಲ್ಲಿ ಗಾಡಿಯಂತೆ ಹಿಂದೆ ಎಳೆಯುತ್ತಿದ್ದರು. ಕುಳ ಕಲ್ಲಿಗೆ ಸಿಕ್ಕಿದರೆ ಟ್ರಾಕ್ಟರು ಕುದುರೆಯಂತೆ ಮುಂಗಾಲೆತ್ತಿ ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು, ಓಡಿಸುವವನು ಅಡಿಯಲ್ಲಿ. ಫರ್ಗ್ಯೂಸನ್ ನೇಗಿಲನ್ನು ಎಳೆಯುವುದು ಬಿಟ್ಟು ಟ್ರಾಕ್ಟರಿನ ಅಂಗವೇ ಮಾಡಿದ. ಕೆಳಗೆ ಎರಡು ತೋಳು, ಮೇಲೊಂದು ತೋಳು. ಕೆಳಗಿನವು ಎಳೆಯುತ್ತವೆ. ನೇಗಿಲು ನೆಲದಲ್ಲಿ ಸಿಕ್ಕಿಕೊಂಡಾಗ ಮೇಲಿನದು ಟ್ರಾಕ್ಟರನ್ನು ಮುಂದಕ್ಕೆ ಒತ್ತಿ ಮುಂಗಾಲನ್ನು ನೆಲಕ್ಕೆ ಕೂರಿಸುತ್ತದೆ. ಯಾವ ಬಲ ಮಗುಚುತ್ತಿತ್ತೋ ಅದೇ ಬಲ ಈಗ ಕಾಯುತ್ತದೆ.

"ಅಪ್ಪ, ಎಲ್ಲರೂ ನೋಡ್ತಿದಾರೆ," ಎಂದಳು ಮಗಳು. ನಾನು ಸೆಂಟ್ರಲ್ ಲೈನಿನ ರೈಲಿನಲ್ಲಿ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ನೇಗಿಲಾಗಿದ್ದೆ.

ಲಿವರ್‌ಪೂಲ್ ಸ್ಟ್ರೀಟಿನಿಂದ ಹೊರಡುವ ರೈಲು ಮಾರ್ಗಕ್ಕೆ 2024ರಲ್ಲಿ ಹೊಸ ಹೆಸರು ಬಂದಿದೆ: ವೀವರ್ ಲೈನ್, ನೇಕಾರರ ಮಾರ್ಗ. ಈ ದಾರಿಯ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಮಗ್ಗಗಳ ಸದ್ದಿತ್ತಂತೆ. ನಮ್ಮಲ್ಲಿ ಬನಹಟ್ಟಿಯ ರೈಲಿಗೆ ಇಂಥ ಹೆಸರಿಡಬಹುದಿತ್ತು, ರೈಲಿದ್ದಿದ್ದರೆ. 'ಲಂಡನ್ ಫೀಲ್ಡ್ಸ್' ಎಂಬ ನಿಲ್ದಾಣದ ಹೆಸರು ಕಂಡು ಕಿಟಕಿಗೆ ಮೂಗೊತ್ತಿದೆ. ಹೆಸರಿನಲ್ಲಿ ಮಾತ್ರ ಹೊಲ, ಕಂಡದ್ದೆಲ್ಲ ಇಟ್ಟಿಗೆ ಮನೆ. ನಮ್ಮ ಬೆಂಗಳೂರಿನ ಸಂಪಂಗಿ ಕೆರೆಯ ಹಾಗೆ. ಆಮೇಲೆ ವೈಟ್ ಹಾರ್ಟ್ ಲೇನಿನಲ್ಲಿ ಆಕಾಶನೌಕೆಯಂಥ ಫುಟ್‌ಬಾಲ್ ಕ್ರೀಡಾಂಗಣ, ಎಡ್ಮಂಟನ್ನಿನ ಎತ್ತರದ ಗೋಪುರ ಮನೆಗಳು, ಕೊನೆಗೆ ಟರ್ಕಿ ಸ್ಟ್ರೀಟ್. ಟರ್ಕಿ ದೇಶವೂ ಇಲ್ಲ, ಟರ್ಕಿ ಕೋಳಿಯೂ ಇಲ್ಲ. ಪುಟ್ಟ ನಿಲ್ದಾಣ, ಪಕ್ಕದಲ್ಲೊಂದು ತೊರೆ.

ತೊರೆಯ ದಂಡೆ ಹಿಡಿದು ಪಶ್ಚಿಮಕ್ಕೆ ನಡೆದರೆ ಫಾರ್ಟಿ ಹಾಲ್. ಲಂಡನ್ನಿನ ಮೇಯರಾಗಿದ್ದ ನಿಕೊಲಸ್ ರೇಂಟನ್ ಎಂಬ ವ್ಯಾಪಾರಿ 1629ರಿಂದ 1632ರ ನಡುವೆ ಕಟ್ಟಿಸಿದ ಕೆಂಪು ಇಟ್ಟಿಗೆಯ ಮನೆ. ಅದರ ಹುಲ್ಲಿನಡಿಯಲ್ಲಿ ಟ್ಯೂಡರ್ ಕಾಲದ ಎಲ್ಸಿಂಗ್ ಅರಮನೆಯ ಅಡಿಪಾಯ ಮಲಗಿದೆ. ನಾನು ಬೆರಗಾದದ್ದು ಅರಮನೆಗಲ್ಲ, ದ್ರಾಕ್ಷಿಗೆ. ಇಲ್ಲಿ 2009ರಿಂದ ಬೆಳೆದು ಬಂದ ಹತ್ತೆಕರೆಯ ದ್ರಾಕ್ಷಿ ತೋಟವಿದೆ, ಸಾವಯವ, ನಾಗರಿಕರೇ ಬಂದು ದುಡಿಯುವಂಥದ್ದು. ದೊಡ್ಡಬಳ್ಳಾಪುರದ ದ್ರಾಕ್ಷಿ ಬಿಸಿಲಲ್ಲಿ ಬೇಯುತ್ತದೆ, ಇಲ್ಲಿಯದು ಬಿಸಿಲನ್ನು ಕಾಯುತ್ತಾ ನಿಂತಿದೆ. ದೊಡ್ಡಬಳ್ಳಾಪುರ ನೆನಪಾದದ್ದಕ್ಕೆ ಇನ್ನೊಂದು ಕಾರಣವೂ ಉಂಟು: ಫರ್ಗ್ಯೂಸನ್ನಿನ ಹೆಸರು ಹೊತ್ತ 'ಮ್ಯಾಸ್ಸಿ' ಟ್ರಾಕ್ಟರನ್ನು ನಮ್ಮ ದೇಶದಲ್ಲಿ ಮಾಡುವ ಟ್ಯಾಫೆ ಕಂಪನಿಯ ಒಂದು ಕಾರ್ಖಾನೆ ಇರುವುದು ಅಲ್ಲೇ.

ಹಿಡುವಳಿಯ ಗೇಟಿನಲ್ಲಿ ಯಜಮಾನರು ನಿಂತಿದ್ದರು. ಎಪ್ಪತ್ತೆಂಟು ವಯಸ್ಸು, ಮೊಣಕಾಲುದ್ದದ ರಬ್ಬರ್ ಬೂಟು, ಮೊಣಕೈ ಹರಿದ ಸ್ವೆಟರು. "ಬಾ ಮೇಟ್," ಎಂದು ಕೈ ಕುಲುಕಿದರು. ನನ್ನ ಕಿವಿಗೆ 'ಮೇಟಿ' ಎಂದೇ ಕೇಳಿಸಿತು. ಮೇಟಿ ವಿದ್ಯೆ ಕಲಿಯಲು ಬಂದವನನ್ನು ಹಾಗೆ ಕರೆದದ್ದು ಶುಭಶಕುನವೆಂದುಕೊಂಡೆ. ಅವರು ಮೊದಲು ಮಾಡಿದ ಕೆಲಸವೆಂದರೆ ನನ್ನ ಕೊರಳಿನ ಮಫ್ಲರನ್ನು ಬಿಚ್ಚಿಸಿ ಗೂಟಕ್ಕೆ ನೇತುಹಾಕಿದ್ದು. "ಹಿಂದೆ ಕಟ್ಟಿದ ಯಂತ್ರವನ್ನು ಓಡಿಸುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಮಫ್ಲರಿನ ತುದಿ ಸಿಕ್ಕಿದರೆ ನೀನು ಬಿಚ್ಚುವಷ್ಟರಲ್ಲಿ ಅದು ನಿನ್ನನ್ನು ಸುತ್ತಿಕೊಂಡಿರುತ್ತದೆ." ಊರಿನಲ್ಲಿ ಪಂಚೆಯ ಚುಂಗು ಹಾರಾಡುತ್ತಿರುವಾಗಲೇ ಶಾಫ್ಟಿನ ಪಕ್ಕ ನಿಂತು ಬೀಡಿ ಸೇದುವವರು ಕಣ್ಣ ಮುಂದೆ ಬಂದರು. ಚಳಿಗಿಂತ ಹೆಚ್ಚಾಗಿ ನಡುಕ ಬಂತು.

ಕೊಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಕುಬೋಟಾ. ನಮ್ಮ ಕಡೆಯ ಟ್ರಾಕ್ಟರುಗಳಿಗೆ ಹೋಲಿಸಿದರೆ ಕರು. ಹಾರ, ನಿಂಬೆಹಣ್ಣು, ಟೇಪ್ ರೆಕಾರ್ಡರು ಯಾವುದೂ ಇಲ್ಲದೆ ಬೋಳುಬೋಳಾಗಿ ಕಾಣುತ್ತದೆ. ಡಬ್ಬದಲ್ಲಿ ಕೆಂಪು ಡೀಸೆಲ್. ಬೇಸಾಯದ ಡೀಸೆಲಿಗೆ ತೆರಿಗೆ ಕಡಿಮೆ, ಅದನ್ನು ಯಾರೂ ಕಾರಿಗೆ ಹಾಕಿಕೊಳ್ಳಬಾರದೆಂದು ಬಣ್ಣ ಬೆರೆಸುತ್ತಾರೆ. ನಮ್ಮ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ನೆನಪಾಯಿತು. ಕಳ್ಳತನ ತಡೆಯುವ ಬುದ್ಧಿ ಎಲ್ಲ ಸರ್ಕಾರಗಳಿಗೂ ಒಂದೇ, ಬಣ್ಣ ಬೇರೆ.

ಮೊದಲ ಪಾಠ, ಹುಲ್ಲು ಸವರುವ ಯಂತ್ರ. ಇವರು 'ಟಾಪರ್' ಎನ್ನುತ್ತಾರೆ. ಟ್ರಾಕ್ಟರನ್ನು ಹಿಮ್ಮೆಟ್ಟಿಸಿ ಅದರ ಮುಂದೆ ತಂದು ನಿಲ್ಲಿಸಬೇಕು. ನಾನು ಹಿಮ್ಮೆಟ್ಟಿಸಿದರೆ ಒಂದು ಸಲ ಗೇಣು ಎಡಕ್ಕೆ, ಒಂದು ಸಲ ಮೊಳ ಬಲಕ್ಕೆ. ಐದನೇ ಸಲ ಯಜಮಾನರು ಕುಡಿಯುತ್ತಿದ್ದ ಟೀ ಮುಗಿದಿತ್ತು. "ಎಡ, ಬಲ, ಮೇಲೆ," ಎಂದರು. ಇದೇ ಮಂತ್ರ. ಮೊದಲು ಎಡಗಡೆಯ ಕೆಳದೋಳು. ಅದನ್ನು ಎತ್ತುವ ಕಂಬಿಯ ಉದ್ದ ಸಾಮಾನ್ಯವಾಗಿ ಬದಲಾಗದು, ಹಾಗಾಗಿ ಅದಕ್ಕೆ ಟ್ರಾಕ್ಟರೇ ಹೊಂದಿಕೊಳ್ಳಬೇಕು. ಆಮೇಲೆ ಬಲಗಡೆಯದು. ಆ ಕಂಬಿಗೆ ಹಿಡಿ ಉಂಟು, ತಿರುಗಿಸಿ ತೋಳನ್ನು ಮೇಲೆ ಕೆಳಗೆ ಮಾಡಿ ತೂತಿಗೆ ಪಿನ್ ಕೂರಿಸಬಹುದು. ಕೊನೆಗೆ ಮೇಲಿನ ತೋಳು, ಅಂದರೆ ಟಾಪ್ ಲಿಂಕ್; ಎರಡೂ ತುದಿಯಲ್ಲಿ ತಿರುಪಿನ ಎಳೆಗಳಿದ್ದು ನಡುವಿನ ಕೊಳವೆ ತಿರುಗಿಸಿದರೆ ಉದ್ದ ಗಿಡ್ಡವಾಗುತ್ತದೆ. ಬಿಚ್ಚುವಾಗ ಇದೇ ಹಿಂದುಮುಂದು. ಈ ಸರಳ ಕ್ರಮ ಗೊತ್ತಿಲ್ಲದೆ ನನ್ನ ತಮ್ಮ ನಾಲ್ಕು ಆಳು, ಒಂದು ಹಾರೆ, ಬೇಕಾದಷ್ಟು ಬೈಗುಳ ಬಳಸಿ ರೋಟವೇಟರು ಕಟ್ಟುತ್ತಾನೆ.

ಪಿನ್ನಿನಲ್ಲೂ ಜಾತಿ ಉಂಟೆಂದು ಅಲ್ಲೇ ತಿಳಿಯಿತು. ಚಿಕ್ಕ ಟ್ರಾಕ್ಟರುಗಳದ್ದು 'ಕ್ಯಾಟಗರಿ ಒಂದು', ಕೆಳಗಿನ ಪಿನ್ನು 22 ಮಿಲಿಮೀಟರ್ ದಪ್ಪ, ಮೇಲಿನದು 19. ದೊಡ್ಡ ಟ್ರಾಕ್ಟರುಗಳ 'ಕ್ಯಾಟಗರಿ ಎರಡ'ರಲ್ಲಿ 28 ಮತ್ತು 25. ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಹಾಕಬೇಕಾದರೆ ನಡುವೆ ಉಕ್ಕಿನ ಬುಶ್. ಬುಶ್ ಬದಲಿಗೆ ಪಕ್ಕದ ಮನೆಯ ಬೋರ್‌ವೆಲ್ ಪೈಪಿನ ತುಂಡು ಕತ್ತರಿಸಿ ಹಾಕಿದವರ ಹೆಸರು ನಾನು ಹೇಳುವುದಿಲ್ಲ, ಒಡಹುಟ್ಟಿದವರು.

ಟಾಪರನ್ನು ನೆಲಕ್ಕಿಳಿಸಿ ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಎಡ ಬಲ ಸಮವಿದೆಯೇ? ಬಲಗಡೆಯ ಹಿಡಿಯನ್ನು ಎರಡು ಸುತ್ತು ತಿರುಗಿಸುತ್ತಾರೆ. ಮುಂಭಾಗ ಹಿಂಭಾಗಕ್ಕಿಂತ ಒಂದು ಬೆರಳು ತಗ್ಗಿರಬೇಕಂತೆ, ಇಲ್ಲದಿದ್ದರೆ ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತಾ ಎಂಜಿನ್ನು ಸುಸ್ತಾಗುತ್ತದೆ. ಆಮೇಲೆ ಕೆಳದೋಳುಗಳ ಪಕ್ಕದ ಚೈನುಗಳನ್ನು ಬಿಗಿ ಮಾಡಿ, ಯಂತ್ರವನ್ನು ಕೈಯಿಂದ ತಳ್ಳಿ ನೋಡುತ್ತಾರೆ. "ಶಾಫ್ಟಿನಿಂದ ತಿರುಗುವ ಯಾವುದೂ ಓಲಾಡಬಾರದು."

ನಾನು ತಕ್ಷಣ ಫೋನು ತೆಗೆದೆ. ತಿಪಟೂರಿನಲ್ಲಿ ಸಂಜೆ ಆರು ಗಂಟೆ. ತಮ್ಮ ತೋಟದಲ್ಲೇ ಇದ್ದ. ವಿಡಿಯೋದಲ್ಲಿ ಅವನ ರೋಟವೇಟರು ಕಂಡದ್ದೇ ತಡ, ಯಜಮಾನರು ಕನ್ನಡಕ ಏರಿಸಿಕೊಂಡರು. ನಾನು ದುಭಾಷಿ.

"ಚೈನು ಮಾಲೆಯಂತೆ ಜೋತಾಡುತ್ತಿದೆ ಎಂದು ಹೇಳು."

"ಲೋ, ಚೈನು ಸಡಿಲ ಅಂತೆ ಕಣೋ."

"ಟಾಪ್ ಲಿಂಕು ತೀರಾ ಗಿಡ್ಡ. ಗೇರ್ ಬಾಕ್ಸು ಮೂಗು ಬಗ್ಗಿಸಿ ಕೂತಿದೆ. ಕೆಲಸ ಮಾಡುವಾಗ ಟ್ರಾಕ್ಟರಿನ ಶಾಫ್ಟೂ ಗೇರ್ ಬಾಕ್ಸಿನ ಶಾಫ್ಟೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಆಮೇಲೆ, ತಿರುಗುತ್ತಿರುವಾಗ ಅಷ್ಟು ಮೇಲೆ ಯಾಕೆ ಎತ್ತುತ್ತಾನೆ? ಕೀಲು ಅಷ್ಟು ಬಾಗಿದರೆ ಕಟಕಟ ಎನ್ನದೆ ಇನ್ನೇನು ಮಾಡುತ್ತದೆ?"

"ಯಾಕಪ್ಪಾ ಅಷ್ಟು ಮೇಲೆ ಎತ್ತುತೀಯ ಅಂತಾರೆ."

"ಬದು ದಾಟಬೇಕಲ್ಲಣ್ಣ," ಎಂದ ತಮ್ಮ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. "ಹಾಗಾದರೆ ಪಿಟಿಒ ನಿಲ್ಲಿಸಿ ದಾಟಲಿ," ಎಂದರು ಯಜಮಾನರು. ಅಷ್ಟರಲ್ಲಿ ತೋಟದಲ್ಲಿ ಕತ್ತಲಾಯಿತು, ಕರೆಂಟೂ ಹೋಯಿತು. ಸ್ಕ್ರೀನು ಕಪ್ಪು.

ಮಧ್ಯಾಹ್ನ ನೇಗಿಲು. ಒಂಟಿ ಕುಳದ, ಮಣ್ಣು ಮಗುಚುವ ಪಲ್ಟಿ ನೇಗಿಲು. ಈಗ ಬೆಳಗಿನ ಪಾಠವನ್ನೆಲ್ಲ ತಲೆಕೆಳಗು ಮಾಡಬೇಕು. ಬಿಗಿ ಮಾಡಿದ ಚೈನು ಸಡಿಲಿಸಬೇಕು. ನೇಗಿಲು ಮೀನಿನಂತೆ ಸ್ವಲ್ಪ ಆಚೀಚೆ ತುಳುಕಿ ತನ್ನ ದಾರಿ ಹಿಡಿಯಬೇಕು. ಮೊದಲ ಸಾಲಿಗೊಂದು ಅಳತೆ, ಎರಡನೆಯದಕ್ಕೆ ಮತ್ತೊಂದು. ಏಕೆಂದರೆ ಎರಡನೇ ಸಾಲಿನಲ್ಲಿ ಬಲಗಡೆಯ ಚಕ್ರ ಉತ್ತ ಸಾಲಿನೊಳಕ್ಕೆ ಇಳಿದು ಟ್ರಾಕ್ಟರೇ ಬಲಕ್ಕೆ ವಾಲುತ್ತದೆ. ಆಗ ಬಲಗಡೆಯ ಕಂಬಿಯನ್ನು ಗಿಡ್ಡ ಮಾಡಿದರೆ ಮಾತ್ರ ನೇಗಿಲು ನೆಲಕ್ಕೆ ನೆಟ್ಟಗೆ ನಿಲ್ಲುತ್ತದೆ.

ಮೊದಲ ಸಾಲು ನಾನೇ ಹೊಡೆಯುತ್ತೇನೆಂದೆ. ಬೇಸಿಗೆಯ ನಂತರದ ಲಂಡನ್ನಿನ ಜೇಡಿ, ಮೇಲೊಂದು ಮಳೆ ಬಿದ್ದಿತ್ತು. ನಮ್ಮ ಎರೆಮಣ್ಣಿನ ತಮ್ಮ, ಬಣ್ಣ ಮಾತ್ರ ಹಳದಿ ಕಂದು. ಕುಳ ನೆಲಕ್ಕೆ ಇಳಿಯಲೊಲ್ಲದು. ನನಗೆ ತಾತ ನೆನಪಾದರು. ಮರದ ನೇಗಿಲು ಆಳಕ್ಕೆ ಹೋಗದಿದ್ದರೆ ತಾತ ನೊಗದ ಬಳಿ ಮಿಣಿ ಬಿಚ್ಚಿ, ನೊಗಕ್ಕೂ ನೇಗಿಲಿಗೂ ನಡುವೆ ಈಚು ಉದ್ದವಾಗುವಂತೆ ಸರಿಸಿ ಕಟ್ಟುತ್ತಿದ್ದರು. ಈಚು ಉದ್ದವಾದರೆ ಮಲಗಿಕೊಳ್ಳುತ್ತದೆ, ಕುಳದ ಮೊನೆ ಬಗ್ಗುತ್ತದೆ, ಸಾಲು ಆಳ. ರಕ್ತದಲ್ಲೇ ಬಂದ ವಿದ್ಯೆಯೆಂದು ನಾನು ಟಾಪ್ ಲಿಂಕನ್ನು ನಾಲ್ಕು ಸುತ್ತು ಉದ್ದ ಮಾಡಿ ಹೊರಟೆ. ಮೂವತ್ತು ಗಜ ಹೋಗಿ ಹಿಂದೆ ನೋಡಿದರೆ ಕೋಳಿ ಕೆದರಿದಂಥ ಗೀರು!

ಯಜಮಾನರು ಬೇಲಿಗೆ ಒರಗಿ ನಗುತ್ತಿದ್ದರು. ಬಂದು, ಏನೂ ಹೇಳದೆ ಟಾಪ್ ಲಿಂಕನ್ನು ಹಿಂದಕ್ಕೆ ತಿರುಗಿಸಿದರು. ನಾಲ್ಕು ಸುತ್ತು, ಮೇಲೆ ಎರಡು. ಲಿಂಕು ಗಿಡ್ಡವಾದಂತೆ ನೇಗಿಲ ತಲೆ ಮುಂದಕ್ಕೆ ಬಂತು, ಕುಳದ ಮೊನೆ ನೆಲದತ್ತ ಬಾಗಿತು. ಆಗ ಹೊಳೆಯಿತು: ತಾತನ ಈಚು ಕೆಳಗಿನಿಂದ ಮುಂದೆ ಹೋಗಿ ನೊಗ ಮುಟ್ಟುವ ತೋಳು, ಉದ್ದ ಮಾಡಿದರೆ ಮೊನೆ ತಗ್ಗುತ್ತದೆ. ಇದು ನೇಗಿಲ ನೆತ್ತಿಯನ್ನು ಹಿಡಿದ ತೋಳು, ಗಿಡ್ಡ ಮಾಡಿದರೆ ಮೊನೆ ತಗ್ಗುತ್ತದೆ. ಕೇಳುವ ಪ್ರಶ್ನೆ ಅದೇ, ಮೊನೆ ಎಷ್ಟು ಬಗ್ಗಬೇಕು ಎಂದು. ತಿರುಪು ಮಾತ್ರ ಎದುರು ದಿಕ್ಕು. ತಾತನ ವಿದ್ಯೆ ನನಗೆ ಬಂದಿತ್ತು, ತಿರುಗಿಸುವ ಕಡೆಯೊಂದನ್ನು ಬಿಟ್ಟು.

ಈಗ ಕುಳ ಕಚ್ಚುತ್ತದೆ. ಹುಲ್ಲು ಕೆಳಗಾಗಿ ಮಣ್ಣು ಹೊಳೆಯುತ್ತಾ ಬಲಕ್ಕೆ ಮಗುಚಿಕೊಳ್ಳುತ್ತದೆ. ಊರಿನಲ್ಲಿ ಉಳುವವನ ಹಿಂದೆ ಬೆಳ್ಳಕ್ಕಿ ನಡೆಯುತ್ತದೆ, ಇಲ್ಲಿ ಎಲ್ಲಿಂದಲೋ ಕಡಲಹಕ್ಕಿಗಳು ಬಂದು ಬೀಳುತ್ತವೆ. ಮರಗಳಾಚೆ ಎಂ 25 ಹೆದ್ದಾರಿಯ ಮೊರೆತ. ನನ್ನ ಬೂಟಿಗೆ ಒಂದೊಂದು ಸೇರು ಜೇಡಿ ಅಂಟಿದೆ. ಮಗಳು ಫೋಟೋ ತೆಗೆಯುತ್ತಿದ್ದಾಳೆ, ನಾನು ಆದಷ್ಟು ಲಕ್ಷಣವಾಗಿ ಕೂರಲು ನೋಡುತ್ತಿದ್ದೇನೆ, ಸಾಲು ಸೊಟ್ಟಗಾಗುತ್ತಿದೆ.

ಹೊರಡುವ ಮೊದಲು ಯಜಮಾನರು ಒಳಕೊಟ್ಟಿಗೆಯ ಟಾರ್ಪಾಲು ಸರಿಸಿದರು. ಅಲ್ಲಿ ಅವರ ತಂದೆ ಕೊಂಡಿದ್ದ ಬೂದು ಬಣ್ಣದ ಫರ್ಗ್ಯೂಸನ್ ಟಿಇ20. 1946ರಿಂದ 1956ರವರೆಗೆ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಟ್ರಾಕ್ಟರು; ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಇಂಥದ್ದರ ಮೇಲೆಯೇ. ತಂದೆಯ ಕಾಲದ ಒಂದೇ ಸ್ಪ್ಯಾನರನ್ನೂ ತೋರಿಸಿದರು, ಬೋಲ್ಟೂ ಬಿಚ್ಚುತ್ತದೆ, ಅಳತೆಗೋಲೂ ಆಗುತ್ತದೆ. ಟಾಪ್ ಲಿಂಕು ಬಂದು ಸೇರುವಲ್ಲಿ ಒಂದು ದಪ್ಪ ಸ್ಪ್ರಿಂಗಿದೆ. ನೆಲ ಗಟ್ಟಿಯಾದರೆ ನೇಗಿಲು ಲಿಂಕನ್ನು ಒತ್ತುತ್ತದೆ, ಲಿಂಕು ಸ್ಪ್ರಿಂಗನ್ನು ಒತ್ತುತ್ತದೆ, ಸ್ಪ್ರಿಂಗು ಒಳಗಿನ ಕವಾಟವನ್ನು ಸರಿಸಿ ನೇಗಿಲನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಮಣ್ಣು ಮೆತ್ತಗಾದರೆ ಮತ್ತೆ ಇಳಿಸುತ್ತದೆ. ನಾನು ಆ ಸ್ಪ್ರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಗಟ್ಟಿ ನೆಲ ಬಂದಾಗ ತಾತ ಎತ್ತುಗಳಿಗೆ ಒಂದು ಮಾತೂ ಆಡದೆ ಮೇಳಿಯ ಮೇಲಿನ ಕೈಯನ್ನು ಸಡಿಲಿಸುತ್ತಿದ್ದರು. ಆ ಕೈ ಇಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು. ಯಜಮಾನರ ಕುಬೋಟಾದಲ್ಲಿ ಈ ಸ್ಪ್ರಿಂಗಿಲ್ಲ. ಸನ್ನೆಕೋಲನ್ನು ಎಲ್ಲಿ ನಿಲ್ಲಿಸಿದರೆ ನೇಗಿಲು ಅಲ್ಲೇ ನಿಲ್ಲುತ್ತದೆ. "ಹೊಸದಕ್ಕೆ ಆಜ್ಞೆ ಮಾಡಬಹುದು, ಇದಕ್ಕೆ ತಾನೇ ತಿಳಿಯುತ್ತದೆ," ಎಂದು ಅವರು ಟಾರ್ಪಾಲು ಹೊದಿಸಿದರು.

ವಾಪಸು ರೈಲಿನಲ್ಲಿ ನನ್ನ ಬೂಟಿನ ಜೇಡಿ ಒಣಗಿ ಉದುರುತ್ತಾ ಹೋಯಿತು. ಎದುರು ಕೂತ ಹೆಂಗಸು ಕಾಲು ಹಿಂದಕ್ಕೆಳೆದುಕೊಂಡರು. ಲಂಡನ್ನಿನವರು ಬಾಯಲ್ಲಿ ಏನೂ ಹೇಳುವುದಿಲ್ಲ. ಮಗಳು ಟಿಶ್ಯೂ ಕಾಗದದಲ್ಲಿ ಮಣ್ಣು ಒಟ್ಟುಮಾಡಿ, ನನ್ನ ಮಫ್ಲರು ಯಜಮಾನರ ಗೂಟದಲ್ಲೇ ಉಳಿಯಿತೆಂದು ನೆನಪಿಸಿದಳು.

ಬೆಳಿಗ್ಗೆ ತಮ್ಮನ ಮೆಸೇಜು ಬಂದಿತ್ತು: "ಚೈನು ಬಿಗಿ ಮಾಡ್ದೆ. ಲಿಂಕು ಮೂರು ಸುತ್ತು ಬಿಟ್ಟೆ. ಕಟಕಟ ಇಲ್ಲ, ಓಲಾಟ ಇಲ್ಲ. ರಿಪೇರಿಯೋನು ಬಂದಿದ್ದ. ನಾ ಹೇಳ್ಲಿಲ್ವಾ ಸಾರ್, ಪಳಗ್ತು ಅಂತ ಕಾಫಿ ಕುಡ್ಕಂಡು ಹೋದ."